ಎರಡನೇ ಕಾಲಂಗೆ ಯಾಕೆ ಹಾಕಿದ್ರಿ?

ಸ್ನೇಹಿತರೇ, ಒಂದೇ ಪುಡಿಯನ್ನು ಎರಡು ಸಲ ಪರೀಕ್ಷಿಸಿದ್ದಕ್ಕೆ ಇವತ್ತು ಬೈಸಿಕೊಂಡೆ.

ತುಮಕೂರಿನ ನಮ್ಮ ಲ್ಯಾಬಿಗೆ ಬಂದವರು ಗುಬ್ಬಿ ಕಡೆಯ ವ್ಯಾಪಾರಿ. ಎಲ್ಲಿಂದಲೋ ಮೂಟೆಯಲ್ಲಿ ತರಿಸಿದ ಮಂಡಿನೋವಿನ ಪುಡಿಯನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ಅದರಲ್ಲಿರುವುದು ಬರೀ ಬೇರು, ಸೊಪ್ಪು ಎಂದು ರಿಪೋರ್ಟ್ ಬೇಕಿತ್ತು.

ಪುಡಿಯ ದ್ರಾವಣವನ್ನು ಕಾಲಂ ಎಂಬ ಕೊಳವೆಯಲ್ಲಿ ಹರಿಸಿದರೆ ಒಳಗಿನ ವಸ್ತುಗಳು ಬೇರೆಬೇರೆಯಾಗಿ ಹೊರಬಂದು ಗ್ರಾಫಿನಲ್ಲಿ ಗುಡ್ಡಗಳಂತೆ ಕಾಣುತ್ತವೆ. ಒಂದು ಗುಡ್ಡ ಯಾಕೋ ಅಗಲವಾಗಿತ್ತು. ಅನುಮಾನ ಬಂದು ಅಷ್ಟನ್ನು ಮಾತ್ರ ಬೇರೆ ಗುಣದ ಎರಡನೇ ಕಾಲಂಗೆ ಹಾಯಿಸಿದೆ. ಗುಡ್ಡ ಎರಡಾಯಿತು. ಒಂದು ಬೇರಿನದು. ಇನ್ನೊಂದು ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆಯದು.

"ಮೊದಲ್ನೇ ಸಲ ಒಂದೇ ಇತ್ತಲ್ಲ ಮೇಡಂ, ಎರಡನೇ ಕಾಲಂಗೆ ಯಾಕ್ ಹಾಕಿದ್ರಿ? ಹಾಕಿದ್ದಕ್ಕೇ ಎರಡಾಗೈತೆ!"

"ಎರಡೂ ಪುಡೀಲೇ ಇದ್ವು ಸಾರ್. ಮೊದಲು ಒಂದರ ಹಿಂದೆ ಒಂದು ಅವಿತ್ಕೊಂಡಿತ್ತು."

"ನಮ್ಮವ್ವ ವರ್ಷದಿಂದ ಇದನ್ನೇ ತಿಂತಾವ್ಳೆ, ಏನೂ ಆಗಿಲ್ಲ."

"ನೋವು ಎಷ್ಟು ದಿನಕ್ಕೆ ಹೋಯ್ತು?"

"ಅರ್ಧ ಗಂಟೆಗೇ..." ಎಂದವರೇ ಫೋನ್ ತೆಗೆದು ಹೆಂಡತಿಗೆ ಹೇಳಿದರು, "ಲೇ, ಅವ್ವಂಗೆ ಇನ್ಮೇಲೆ ಆ ಪುಡಿ ಕೊಡ್ಬೇಡ ಕಣೇ."

ಫೋನನ್ನು ಜೇಬಿಗಿಟ್ಟು ನನ್ನ ಕಡೆ ತಿರುಗಿದರು. "ಮೇಡಂ, ರಿಪೋರ್ಟು ಮಾತ್ರ ಮೊದಲ್ನೇ ಕಾಲಮ್ಮಿಂದೇ ಕೊಟ್ಬುಡಿ."

ಅವ್ವನಿಗೆ ಎರಡನೇ ಕಾಲಂ, ಗಿರಾಕಿಗಳಿಗೆ ಮೊದಲನೆಯದು. ನಾನು ಎರಡೂ ಹಾಳೆ ಸೇರಿಸಿ ಪಿನ್ ಹೊಡೆದು ಕೊಟ್ಟೆ, ಎರಡನೆಯದನ್ನು ಮೇಲಿಟ್ಟು.