ಮಾಸ್ಟರ್ ಹೊಲಿದ ಕೈಗವಸು

ನಮ್ಮ ಬೀದಿಯ ಟೈಲರನ್ನು ಎಲ್ಲರೂ ಮಾಸ್ಟರ್ ಎಂದೇ ಕರೆಯುತ್ತಿದ್ದರು. ನಲವತ್ತು ವರ್ಷ ಶರ್ಟು, ಪ್ಯಾಂಟು, ಶಾಲೆಯ ಸಮವಸ್ತ್ರ ಹೊಲಿದ ಮನುಷ್ಯ. ಕೈಕೆಲಸ ಬಲು ಚೊಕ್ಕ, ಕೊಟ್ಟ ಮಾತು ಮಾತ್ರ ನೀರಿನ ಮೇಲೆ ಬರೆದದ್ದು. ಮಂಗಳವಾರ ಕೊಡುತ್ತೇನೆ ಅಂದರೆ ಅದು ಯಾವ ಮಂಗಳವಾರ ಎಂದು ನಾವೇ ಕೇಳಿ ತಿಳಿದುಕೊಳ್ಳಬೇಕಿತ್ತು. ನನ್ನ ಮದುವೆಯ ಕೋಟಿಗೆ ಅವರು ಗುಂಡಿ ಹಾಕಿದ್ದು ಮದುವೆಯ ದಿನ ಬೆಳಿಗ್ಗೆ, ನಾನು ಕೋಟು ತೊಟ್ಟು ನಿಂತಿದ್ದಾಗ.

ಅವರ ಹೆಂಡತಿಗೆ ಲಕ್ವ ಹೊಡೆದು ಮೂರು ವರ್ಷ ಹಾಸಿಗೆ ಹಿಡಿದರು. ಮಲಗಿ ಮಲಗಿ ಬೆನ್ನ ಕೆಳಗೆ ಅಂಗೈಯಗಲದ ಹುಣ್ಣಾಯಿತು. ಆಗ ಮನೆಗೆ ಬಂದು ಪಟ್ಟಿ ಕಟ್ಟುತ್ತಿದ್ದವರು ನಾವೆಲ್ಲ ಸಿಸ್ಟರ್ ಎನ್ನುತ್ತಿದ್ದ ನರ್ಸಮ್ಮ. ಊರಾಚೆಯ ಹಳೆಯ ಅಂಚೆ ಕಚೇರಿಯಲ್ಲಿ, ಹಳ್ಳಿಗಳ ಬಡವರಿಗೆಂದು ಗಾಯ, ಸುಟ್ಟಗಾಯಗಳನ್ನು ಪುಕ್ಕಟೆಯಾಗಿ ನೋಡುವ ಒಂದು ಕೇಂದ್ರವಿತ್ತು. ಅದನ್ನು ನಡೆಸುತ್ತಿದ್ದವರು ಆಕೆಯೇ. ಮೊದಮೊದಲು ಮಾಸ್ಟರ್ ಹುಣ್ಣು ನೋಡಲಾರದೆ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಆಮೇಲೆ ಟಾರ್ಚು ಹಿಡಿದರು. ಆರು ತಿಂಗಳಿಗೆ ತಾವೇ ತೊಳೆದು, ಮುಲಾಮು ಹಚ್ಚಿ, ಪಟ್ಟಿ ಹಾಕತೊಡಗಿದರು. ಹುಣ್ಣು ಅರ್ಧ ಮಾಗಿತ್ತು, ಅಷ್ಟರಲ್ಲಿ ಹೆಂಡತಿ ಹೋಗಿಬಿಟ್ಟರು.

ಮನೆಯಲ್ಲಿ ಉಳಿದಿದ್ದ ಹತ್ತಿ, ಪಟ್ಟಿಯ ಸುರುಳಿಗಳನ್ನು ಚೀಲಕ್ಕೆ ತುಂಬಿಕೊಂಡು ಮಾಸ್ಟರ್ ಒಂದು ದಿನ ಅಂಚೆ ಕಚೇರಿಗೆ ಬಂದರು. ನಾನು ಶಾಲೆಯ ಮೇಷ್ಟ್ರು, ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಬಂದವರಿಗೆ ಚೀಟಿ ಬರೆದುಕೊಡುತ್ತಿದ್ದೆ. ಹಿಂದೆ ಸ್ಟಾಂಪು ಮಾರುತ್ತಿದ್ದ ತಂತಿ ಬಲೆಯ ಕಿಟಕಿಯ ಹಿಂದೆ ನನ್ನ ಕುರ್ಚಿ. ಅವತ್ತು ಜನ ಹೊರಗಿನ ಮೆಟ್ಟಿಲವರೆಗೂ ಕೂತಿದ್ದರು.

"ಮಾಸ್ಟರ್, ಬಂದಿದ್ದು ಒಳ್ಳೇದಾಯ್ತು. ಈ ಬಟ್ಟೆ ಸ್ವಲ್ಪ ಕತ್ತರಿಸಿ ಕೊಡ್ತೀರಾ?" ಎಂದರು ಸಿಸ್ಟರ್.

ಕತ್ತರಿಸಿಕೊಡಲು ಕೂತವರು ಒಂಬತ್ತು ವರ್ಷ ಏಳಲಿಲ್ಲ.

ಮಂಗಳವಾರ, ಶುಕ್ರವಾರ ಕೇಂದ್ರ ತೆಗೆಯುತ್ತಿತ್ತು. ಆ ಎರಡು ದಿನ ಬೀಗದ ಕೈ ಬರುವ ಮೊದಲೇ ಮಾಸ್ಟರ್ ಬಾಗಿಲಲ್ಲಿ ನಿಂತಿರುತ್ತಿದ್ದರು. "ಊರಿಗೆಲ್ಲ ನಾಳೆ ಬಾ ಅಂದವರು, ಇಲ್ಲಿ ಮಾತ್ರ ನನಗಿಂತ ಮುಂಚೆ!" ಎಂದು ಸಿಸ್ಟರ್ ರೇಗಿಸುತ್ತಿದ್ದರು.

ಬರುವವರು ಎರಡು ಮೂರು ಗಂಟೆ ನಡೆದು ಬರುವವರು. ಒಲೆಯ ಬೆಂಕಿ ತಗುಲಿದವರು, ಕುದಿಯುವ ನೀರು ಚೆಲ್ಲಿಕೊಂಡವರು, ವರ್ಷಗಟ್ಟಲೆ ಮಾಗದ ಕಾಲಿನ ಹುಣ್ಣಿನವರು. ಸುಟ್ಟ ಜಾಗಕ್ಕೆ ಹಲ್ಲುಜ್ಜುವ ಪೇಸ್ಟು, ಶಾಯಿ, ಎಂಜಿನ್ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದರು. ಅದನ್ನೆಲ್ಲ ತೊಳೆದು ತೆಗೆಯುವುದೇ ಅರ್ಧ ದಿನದ ಕೆಲಸ. ಅಂಟಿದ ಪಟ್ಟಿಯನ್ನು ಮಾಸ್ಟರ್ ಎಂದೂ ಎಳೆದವರಲ್ಲ. ಕಾಯಿಸಿ ಆರಿಸಿದ ಉಪ್ಪುನೀರನ್ನು ಹನಿಹನಿಯಾಗಿ ಬಿಟ್ಟು, ಅದು ತಾನಾಗಿ ಸಡಿಲವಾಗುವ ತನಕ ಕಾಯುತ್ತಿದ್ದರು. ನೋವು ತಡೆಯದೆ ಕೂಗಿಕೊಂಡರೆ, "ಕೂಗಬೇಡ, ನನ್ನ ಬೈಯಿ. ಬಾಯಿಗೆ ಬಂದಂಗೆ ಬೈಯಿ" ಎನ್ನುತ್ತಿದ್ದರು. ಒಬ್ಬ ಮುದುಕಿ ಅವರ ಏಳು ತಲೆಮಾರನ್ನೂ ಜಾಲಾಡಿ, ಕೊನೆಗೆ ಸುಸ್ತಾಗಿ, "ಇನ್ನೂ ಮುಗೀಲಿಲ್ವೇನಪ್ಪ? ನನ್ನ ಹತ್ರ ಇದ್ದ ಬೈಗುಳ ಎಲ್ಲ ಮುಗೀತು" ಅಂದಿದ್ದಳು. ಅವತ್ತು ಇಡೀ ಕೋಣೆ ನಕ್ಕಿತ್ತು.

ಇಟ್ಟಿಗೆ ಸುಡುವ ಗೂಡಿನಲ್ಲಿ ಕೂಲಿ ಮಾಡುವ ಹೆಂಗಸೊಬ್ಬಳು ಬಂದದ್ದು ಮಾಸ್ಟರ್ ಅಲ್ಲಿಗೆ ಬಂದ ಆರನೇ ವರ್ಷ. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು, ಎರಡು ಮಕ್ಕಳ ತಾಯಿ. ಗೂಡಿನ ಮೇಲೆ ನಿಂತು ಸೌದೆ ತುಂಬುವಾಗ ಕಾಲು ಜಾರಿ, ಊರಿದ ಬಲಗೈ ಕೆಂಡದೊಳಗೆ ಹೋಗಿತ್ತು. ಐದನೇ ದಿನಕ್ಕೆ, ಹಳೆಯ ಸೀರೆಯ ತುಂಡು ಸುತ್ತಿಕೊಂಡು ಬಂದಳು. ಬಿಚ್ಚಿ ನೋಡಿ ಸಿಸ್ಟರ್ ಉಪ್ಪುನೀರಿನ ಬೋಗುಣಿ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು,

"ಬೆರಳು ಬೆರಳಿಗೂ ಬೇರೆ ಬೇರೆ ಪಟ್ಟಿ ಕಟ್ಟಬೇಕು ಮಾಸ್ಟರ್. ಒಟ್ಟಿಗೆ ಸುತ್ತಿದ್ರೆ ಅಂಟ್ಕೊಂಡು ಒಂದೇ ಆಗ್ಬಿಡ್ತವೆ."

ಹನ್ನೊಂದು ವಾರ ಮಾಸ್ಟರ್ ಆ ಐದು ಬೆರಳುಗಳಿಗೆ ಪಟ್ಟಿ ಕಟ್ಟಿದರು. ಒಂದು ಸಲಕ್ಕೆ ಮುಕ್ಕಾಲು ಗಂಟೆ. ಅವಳು ಬೈಯುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ತುಟಿ ಕಚ್ಚಿಕೊಂಡು ಕಿಟಕಿ ನೋಡುತ್ತಿದ್ದಳು. ಗಾಯ ಮಾಗಿತು. ತಿಂಗಳಿಗೊಮ್ಮೆ ಬರುವ ಡಾಕ್ಟರು ನೋಡಿ, "ಇಷ್ಟಕ್ಕೇ ಮುಗೀಲಿಲ್ಲ. ಹೊಸ ಚರ್ಮ ಗಂಟು ಕಟ್ಟಿ ಬೆರಳನ್ನ ಒಳಕ್ಕೆ ಎಳೆಯುತ್ತೆ. ಬಿಗಿಯಾದ ಕೈಗವಸು ಬೇಕು, ಒಂದು ವರ್ಷ ಹಗಲೂ ರಾತ್ರಿ ಹಾಕ್ಕೋಬೇಕು. ಅದು ನಗರದಲ್ಲಿ ಮಾತ್ರ ಸಿಗೋದು" ಎಂದರು.

"ಅಳತೆ ತಗೊಳ್ಳೋದು ನನ್ನ ಕಸುಬು ಡಾಕ್ಟ್ರೇ," ಎಂದರು ಮಾಸ್ಟರ್.

ಟೇಪು ತೆಗೆದು ಪ್ರತಿ ಬೆರಳಿನ ಬುಡ, ನಡು, ತುದಿಯ ಸುತ್ತಳತೆ ಬರೆದುಕೊಂಡರು. ಎಳೆದರೆ ಹಿಗ್ಗುವ ಬಟ್ಟೆ ಹುಡುಕಿ ತಂದರು. ಮೊದಲನೆಯದು ಸಡಿಲವಾಯಿತು. ಎರಡನೆಯದರ ಹೊಲಿಗೆ ಎಳೆಚರ್ಮಕ್ಕೆ ಒತ್ತಿತು. ಮೂರನೆಯದಕ್ಕೆ ಹೊಲಿಗೆಯನ್ನೆಲ್ಲ ಹೊರಮುಖವಾಗಿ ಹಾಕಿದರು. ಅದು ಕೂತಿತು. ಅವಳು ಕೈ ತಿರುಗಿಸಿ ತಿರುಗಿಸಿ ನೋಡಿ, ಅಷ್ಟು ವಾರಗಳಲ್ಲಿ ಮೊದಲ ಸಲ ನಕ್ಕಳು.

"ಮಾವ, ನನ್ನ ಅಳತೆ ತಗೊಂಡು ಹೊಲಿದಿರೋ ಮೊದಲನೇ ಬಟ್ಟೆ ಇದು."

ಮಾಸ್ಟರ್ ಅಂಥದೇ ಇನ್ನೊಂದನ್ನು ಹೊಲಿದು ಕೊಟ್ಟರು, ಒಗೆದಾಗ ಬದಲಾಯಿಸಲು. ಮುಂದಿನ ಶುಕ್ರವಾರ ಅವಳು ಬರಲಿಲ್ಲ. ಗೂಡಿನ ಕೆಲಸ ಮುಗಿದು, ಮೇಸ್ತ್ರಿ ಎಲ್ಲ ಸಂಸಾರಗಳನ್ನೂ ಲಾರಿಗೆ ಹತ್ತಿಸಿಕೊಂಡು ಬೇರೆ ಕಡೆಗೆ ಹೋಗಿದ್ದ. ಎಲ್ಲಿಗೆ ಎಂದು ಹೇಳುವವರು ಯಾರೂ ಇರಲಿಲ್ಲ.

ಏಳು ತಿಂಗಳ ಮೇಲೆ, ಗೂಡಿನ ಕೆಲಸ ಮತ್ತೆ ಶುರುವಾದಾಗ, ಅವಳೇ ಬಂದಳು. ಚಿಕ್ಕ ಮಗುವಿನ ಮೊಣಕಾಲಿನ ಗಾಯ ತೋರಿಸಲು ಬಂದಿದ್ದಳು, ತನ್ನ ಕೈ ತೋರಿಸಲಿಕ್ಕಲ್ಲ. ಚೀಟಿಗಾಗಿ ಕಿಟಕಿಯೊಳಗೆ ಎಡಗೈ ಚಾಚಿದಾಗಲೇ ನಾನು ಅವಳ ಸೆರಗಿನೊಳಗಿದ್ದ ಬಲಗೈಯತ್ತ ನೋಡಿದೆ. ಮಾಸ್ಟರ್ ಮಗುವಿನ ಗಾಯ ಕಟ್ಟಿ ಮುಗಿಸಿ, "ಎಲ್ಲಿ, ಕೈ ತೆಗಿ" ಎಂದರು. ಅವಳು ಸೆರಗಿನಿಂದ ಬಲಗೈ ಹೊರಗೆ ತೆಗೆದಳು. ನಾಲ್ಕು ಬೆರಳುಗಳೂ ಅಂಗೈಯೊಳಕ್ಕೆ ಮಡಚಿ ಕೂತಿದ್ದವು. ಕಿರುಬೆರಳು ಅಂಗೈಗೇ ಅಂಟಿತ್ತು.

"ಗವಸು?"

"ಗವಸು ಹಾಕ್ಕೊಂಡು ಮಣ್ಣು ಕಲಸೋಕಾಗುತ್ತಾ ಮಾವ? ಒದ್ದೆಯಾಗಿ ಉರಿ ಹತ್ತೋದು. ಕೆಲಸ ಇದ್ದ ದಿನ ತೆಗೆದಿಡ್ತಿದ್ದೆ." ಬಲಗೈಯನ್ನು ಮತ್ತೆ ಸೆರಗಿನೊಳಗೆ ಸೇರಿಸಿ ಹೇಳಿದಳು, "ಕೆಲಸ ಇಲ್ಲದ ದಿನಾನೇ ಇರಲಿಲ್ಲ."

"ನೋಯುತ್ತಾ?"

"ಇಲ್ಲ ಮಾವ. ಈಗ ಒಂಚೂರೂ ನೋವಿಲ್ಲ." ಅವರಿಗೆ ಸಮಾಧಾನವಾಗಲಿ ಎಂದು ಹೇಳಿದ್ದಳು. ಮಾಸ್ಟರ್ ಎದ್ದು ಹಿತ್ತಲಿಗೆ ಹೋಗಿ ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದರು.

ಡಾಕ್ಟರು ಆಪರೇಷನ್ ಅಂದರು. ಬೆರಳು ಬಿಡಿಸಿ, ತೊಡೆಯ ಚರ್ಮ ತೆಗೆದು ಹಾಕಬೇಕು. ಆರು ವಾರ ಆಸ್ಪತ್ರೆ, ಆಮೇಲೆ ಮತ್ತೆ ಒಂದು ವರ್ಷ ಕೈಗವಸು. ಮಾಸ್ಟರ್ ಅವಳನ್ನೂ ಗಂಡನನ್ನೂ ಎರಡು ಬಸ್ಸು ಬದಲಿಸಿ ನಗರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೆಳಗಿನಿಂದ ಸಾಲಿನಲ್ಲಿ ನಿಂತು, ಸಂಜೆ ಒಂದು ತಾರೀಕು ಸಿಕ್ಕಿತು. ಆ ತಾರೀಕಿಗೆ ಹೋದರೆ ಹಾಸಿಗೆ ಖಾಲಿ ಇಲ್ಲ. ಇನ್ನೊಂದು ತಾರೀಕು ಕೊಟ್ಟರು. ಅವತ್ತು ಡಾಕ್ಟರೇ ರಜೆ. ಮೂರನೆಯ ಸಲ ಹೊರಡಿಸಲು ಮಾಸ್ಟರ್ ಗೂಡಿಗೆ ನಡೆದುಕೊಂಡು ಹೋದಾಗ ಜೊತೆಗೆ ನಾನೂ ಹೋಗಿದ್ದೆ.

ಅವಳು ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಎಡಗೈಯಿಂದ ಮಣ್ಣನ್ನು ಅಚ್ಚಿಗೆ ತುಂಬಿ, ಮುಚ್ಚಿದ ಬಲಮುಷ್ಟಿಯಿಂದ ಗುದ್ದಿ ಸಮ ಮಾಡುತ್ತಿದ್ದಳು. ಗಂಡ ಎದ್ದು ಬಂದ. ಅವನು ಕೆಟ್ಟವನೇನಲ್ಲ. ಎರಡು ಸಲವೂ ಹೆಂಡತಿಯ ಜೊತೆ ಬಂದು ಆಸ್ಪತ್ರೆಯ ನೆಲದ ಮೇಲೆ ಕೂತಿದ್ದವನು.

"ಯಜಮಾನ್ರೇ, ಆರು ವಾರ ಇವಳು ಅಲ್ಲಿ ಮಲಗಿದ್ರೆ ಮಕ್ಕಳನ್ನ ಯಾರು ನೋಡ್ತಾರೆ? ನಾನು ಅಲ್ಲಿದ್ರೆ ಮೇಸ್ತ್ರಿ ನಮ್ಮನ್ನ ಇಟ್ಕೋತಾನಾ? ಎಲ್ಲ ಆಗಿ ಬಂದಮೇಲೂ ಇದೇ ಮಣ್ಣು ತಾನೇ? ನೀವೇ ಹೇಳಿ."

ಮಾಸ್ಟರ್ ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಬಿಡಿ ಮಾವ," ಎಂದಳು ಅವಳು, ಕೂತಲ್ಲಿಂದಲೇ. "ನನಗೆ ಎಡಗೈ ರೂಢಿ ಆಗೋಗಿದೆ. ನೀವು ಈ ಬಿಸಿಲಲ್ಲಿ ಓಡಾಡಬೇಡಿ. ನೀರು ಕುಡೀತೀರಾ?"

ನೀರು ಕುಡಿದು ವಾಪಸ್ಸು ಬಂದೆವು. ದಾರಿಯಲ್ಲಿ ನಾನೇನೋ ಸಮಾಧಾನದ ಮಾತು ಶುರು ಮಾಡಿದೆ. ಮಾಸ್ಟರ್ ತಡೆದರು. "ಮೇಷ್ಟ್ರೇ, ಅವನು ಕೇಳಿದ್ದರಲ್ಲಿ ಒಂದಕ್ಕಾದ್ರೂ ಉತ್ತರ ಇದ್ರೆ ಹೇಳಿ. ಇಲ್ದಿದ್ರೆ ಸುಮ್ನೆ ನಡೀರಿ." ಆ ವರ್ಷ ಲಾರಿ ಹತ್ತಿ ಹೋದ ಸಂಸಾರಗಳಲ್ಲಿ ಅವರದು ಮತ್ತೆ ನಮ್ಮ ಕಡೆಗೆ ಬರಲಿಲ್ಲ.

ಮಾಸ್ಟರ್ ಇನ್ನೂ ಎರಡು ವರ್ಷ ಕೇಂದ್ರಕ್ಕೆ ಬಂದರು. ಕೆಲಸ ಹಾಗೇ ಇತ್ತು, ಅದೇ ಉಪ್ಪುನೀರು, ಅದೇ ತಾಳ್ಮೆ. ಆದರೆ ಯಾರದಾದರೂ ಗಾಯ ಮಾಗಿದಾಗ ಸಿಸ್ಟರ್ ಖುಷಿಪಟ್ಟರೆ ಅವರು ಮುಖ ಎತ್ತುತ್ತಿರಲಿಲ್ಲ. "ಮಾಗಿಸಿ ಮತ್ತೆ ಅದೇ ಗೂಡಿಗೆ, ಅದೇ ಒಲೆಗೆ ಕಳಿಸ್ತೀವಿ" ಎಂದು ಒಮ್ಮೆ ನನ್ನ ಹತ್ತಿರ ಅಂದಿದ್ದರು. "ಮತ್ಯಾಕೆ ಬರ್ತೀರಿ?" ಎಂದೆ. "ಬರದೇ ಇದ್ರೆ ಇವತ್ತಿನ ಪಟ್ಟಿ ಯಾರು ಬಿಚ್ಚಬೇಕು?" ಎಂದರು. ಆ ಮಾತಿನಲ್ಲಿ ಹುರುಪೇನೂ ಇರಲಿಲ್ಲ.

ಕೊನೆಗೆ ಔಷಧದ ಪೆಟ್ಟಿಗೆಗಳು ಬರುವುದು ನಿಂತಿತು. ಕಳಿಸುತ್ತಿದ್ದ ಸಂಸ್ಥೆಯವರು ಬೇರೆ ಕೆಲಸ ಕೈಗೆತ್ತಿಕೊಂಡಿದ್ದರಂತೆ. ಡಾಕ್ಟರು ಬರುವುದು ಬಿಟ್ಟರು. ಸಿಸ್ಟರ್ ತಮ್ಮ ಸೀರೆಗಳನ್ನೇ ಹರಿದು ಕುದಿಸಿ ಮೂರು ತಿಂಗಳು ತಳ್ಳಿದರು. ಆಮೇಲೆ ಅವರ ಸೊಂಟವೇ ಬಿದ್ದುಹೋಗಿ ದೂರದ ಅಕ್ಕನ ಮನೆ ಸೇರಿದರು. ಬಾಗಿಲಿಗೆ ಬೀಗ ಬಿತ್ತು. "ಅಪ್ಪಾ, ಸಾಕು. ಇನ್ನಾದ್ರೂ ಮನೇಲಿರು" ಎಂದಳು ಮಾಸ್ಟರ್ ಮಗಳು. ಅವರು ಎದುರಾಡಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು, ಕೈ ನಡುಗುತ್ತಿತ್ತು.

ಹೋದ ತಿಂಗಳು ಮಧ್ಯಾಹ್ನ ನಾನು ಅವರ ಮನೆಯ ಜಗಲಿಯಲ್ಲಿ ಕೂತಿದ್ದೆ. ಹಳ್ಳಿಯವನೊಬ್ಬ ಹೆಂಡತಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದ. ಕುದಿಯುವ ನೀರಿನ ಹಂಡೆ ಮಗುಚಿ ಅವಳ ಪಾದ ಬೆಂದಿತ್ತು. ಇನ್ನೂ ಇಲ್ಲಿ ನೋಡುತ್ತಾರೆಂದು ಯಾರೋ ಹೇಳಿದ್ದರಂತೆ.

ಮಾಸ್ಟರ್ ಅವಳ ಕಾಲನ್ನು ಬೋಗುಣಿಯಲ್ಲಿಟ್ಟು ನೀರು ಹಾಕಿದರು. "ಮೇಷ್ಟ್ರೇ, ನನಗೆ ಕಾಣಲ್ಲ. ಬಣ್ಣ ಹೇಗಿದೆ? ಕೆಂಪಗಾ, ಬೆಳ್ಳಗಾ?"

"ಬೆಳ್ಳಗಿದೆ," ಎಂದೆ. ಬೆಳ್ಳಗಿದ್ದರೆ ಸುಟ್ಟದ್ದು ಆಳಕ್ಕೆ ಇಳಿದಿದೆ ಎಂದರ್ಥ. ಅಷ್ಟು ವರ್ಷದಲ್ಲಿ ಅದು ನನಗೂ ಗೊತ್ತಾಗಿತ್ತು.

ಒಗೆದಿಟ್ಟ ಪಂಚೆಯ ಅಂಚು ಹರಿದು ಹಗುರಾಗಿ ಸುತ್ತಿ ಅವರು ಹೇಳಿದರು, "ಇದು ನನ್ನ ಕೈಲಾಗೋದಲ್ಲಮ್ಮ. ಇವತ್ತೇ, ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಿ. ನಾಳೆಗೆ ಇಡಬೇಡಿ."

"ಆಯ್ತು," ಎಂದ ಗಂಡ. ಅವಳೂ ತಲೆಯಾಡಿಸಿದಳು. ಇಬ್ಬರೂ ಕೈ ಮುಗಿದು ಸೈಕಲ್ ಹತ್ತಿದರು.

ಬಸ್ ನಿಲ್ದಾಣ ಬಲಕ್ಕೆ. ಹಳ್ಳಿಯ ದಾರಿ ಎಡಕ್ಕೆ.

"ಯಾವ ಕಡೆ ಹೋದ್ರು?" ಎಂದು ಕೇಳಿದರು ಮಾಸ್ಟರ್.

"ಎಡಕ್ಕೆ."

ಅವರು ಬೋಗುಣಿ ಎತ್ತಿಕೊಂಡು, ಗೋಡೆ ತಡವುತ್ತಾ ಮೆಟ್ಟಿಲಿಳಿದು, ನೀರನ್ನು ಚರಂಡಿಗೆ ಚೆಲ್ಲಿದರು.