ಕೆಂಪು ಬೆಳಕಿಗೆ ಹೆದರದ ಗೆರೆ

ನರಸಿಂಹರಾಜಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನ ತಂಗಿಗೆ ಉಪಾಧ್ಯಾಯಿನಿ ಕೆಲಸ ಸಿಗುವುದಿತ್ತು. ಹದಿನೆಂಟು ತುಂಬಿರಬೇಕು, ಅಷ್ಟೆ. ಅವಳಿಗೆ ತುಂಬಿತ್ತು. ಆದರೆ ಸರ್ಟಿಫಿಕೇಟಿನಲ್ಲಿ ಹುಟ್ಟಿದ ವರ್ಷದ ಕೊನೆಯ ಅಂಕಿಯ ಒಂದು ಗೆರೆ ಮಿಕ್ಕೆಲ್ಲ ಬರಹಕ್ಕಿಂತ ದಪ್ಪ, ಕಪ್ಪು. ಕೊಪ್ಪಕ್ಕೆ ಬಂದಿದ್ದ ಶಾಲಾ ಇನ್‌ಸ್ಪೆಕ್ಟರು ಅದರ ಮೇಲೆ ಬೆರಳಿಟ್ಟರು.

"ಇದು ಅಂಗಡಿ ಶಾಯಿ. ಮನೇಲಿ ಕೂತು ತಿದ್ದಿದೀರಿ."

ಅಷ್ಟನ್ನೇ ಅಂಚಿನಲ್ಲಿ ಬರೆದು ರುಜುವನ್ನೂ ಹಾಕಿದರು. ತಂಗಿ ಅಳಲಿಲ್ಲ, ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಕೊಪ್ಪದಲ್ಲೇ ವಿಜ್ಞಾನದ ಮೇಷ್ಟ್ರು. ಏನಾದರೂ ಮಾಡು ಎಂದು ಅದರರ್ಥ. ನನಗೂ ಮೈಯೆಲ್ಲ ಉರಿದುಹೋಗಿತ್ತು.

ಮರುದಿನ ಬಸ್ಸು ಹಿಡಿದು ಶೃಂಗೇರಿಗೆ ಹೋದೆ. ಸರ್ಟಿಫಿಕೇಟು ಬರೆದದ್ದು ಅಲ್ಲಿನ ಮುದುಕ ಮೇಷ್ಟ್ರು, ನಮ್ಮಿಬ್ಬರಿಗೂ ಅಕ್ಷರ ಕಲಿಸಿದವರು. ಅಳಲೆಕಾಯಿ ನೆನೆಹಾಕಿ, ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಬೆರೆಸಿ ತಾವೇ ಶಾಯಿ ಕಾಸುತ್ತಿದ್ದರು.

"ಎಂತದು ಮಾರಾಯ, ಆ ಗೆರೆ ನಾನೇ ಎರಡು ಸಲ ಎಳೆದದ್ದು! ಈ ಶಾಯಿ ಬರೆಯುವಾಗ ಮಸುಕು. ಆಫೀಸಿನವರಿಗೆ ಕಾಣ್ತದೋ ಇಲ್ವೋ ಅಂತ ಮತ್ತೊಂದು ಸಲ ಎಳೆದೆ. ವಾರ ಬಿಟ್ಟರೆ ತಾನೇ ಕಪ್ಪಾಗ್ತದೆ ಅನ್ನೋದು ನಂಗೇ ಮರ್ತುಹೋಯ್ತು."

ನಲವತ್ತು ವರ್ಷ ಶಾಯಿ ಕಾಸಿದವರ ಮಾತು ಇದು! ನಗು ತಡೆಯಲಾಗಲಿಲ್ಲ. ಕಾಗದ ಬರೆದುಕೊಟ್ಟರು, ಜೊತೆಗೆ ಅರ್ಧ ಸೀಸೆ ಶಾಯಿಯನ್ನೂ ಕೊಟ್ಟರು.

ಇನ್‌ಸ್ಪೆಕ್ಟರು ಆ ಕಾಗದಕ್ಕೆ ಜಗ್ಗಲಿಲ್ಲ. "ಶಿಷ್ಯೆ ಮೇಲೆ ಯಾರಿಗೆ ಪ್ರೀತಿ ಇರಲ್ಲ, ಮೇಷ್ಟ್ರೇ?"

"ಹಾಗಾದರೆ ಸೂರ್ಯನನ್ನೇ ಕೇಳೋಣ ಸಾರ್" ಎಂದೆ. ಜಂಬ ಸ್ವಲ್ಪ ಹೆಚ್ಚೇ ಆಗಿತ್ತು.

ನಮ್ಮ ಶಾಲೆಯ ಒಂದು ಕೋಣೆಯ ಬಾಗಿಲು, ಕಿಟಕಿ ಮುಚ್ಚಿ, ಒಂದೇ ಸೀಳಿನಿಂದ ಬಿಸಿಲು ಬಿಟ್ಟು, ಅದಕ್ಕೆ ಪ್ರಿಸಮ್ ಹಿಡಿದೆ. ಮೇಜಿನ ಮೇಲೆ ಏಳು ಬಣ್ಣದ ಪಟ್ಟಿ ಬಿತ್ತು. ಅಂಗಡಿಯ ಗುಳಿಗೆ ಕರಗಿಸಿದ ನೇರಳೆ ಶಾಯಿ, ದಪ್ಪಗೆ ಎಳೆದರೆ ಕಪ್ಪೇ ಕಂಡರೂ, ಕಡುಗೆಂಪು ಬೆಳಕಿನಲ್ಲಿ ಮಾಯವಾಗುತ್ತದೆ, ಅನ್ನಭೇದಿಯ ಶಾಯಿ ಎಲ್ಲ ಬಣ್ಣದಲ್ಲೂ ಕಪ್ಪಾಗಿಯೇ ಇರುತ್ತದೆ. ಹಳೆಯ ನೋಟುಬುಕ್ಕುಗಳ ಮೇಲೆ ಆಡುತ್ತ ನಾನು ಕಂಡುಕೊಂಡದ್ದು ಇದು. ಇನ್‌ಸ್ಪೆಕ್ಟರು ಸರ್ಟಿಫಿಕೇಟನ್ನು ತಾವೇ ಹಿಡಿದು ನೇರಳೆಯಿಂದ ಕೆಂಪಿನವರೆಗೆ ಮೆಲ್ಲಗೆ ಸರಿಸಿದರು. ತಂಗಿ ನನ್ನ ತೋಳನ್ನು ಚಿವುಟುತ್ತಿದ್ದಳು.

ಗೆರೆ ಕಪ್ಪಾಗಿಯೇ ನಿಂತಿತು. ಮಿಕ್ಕ ಅಕ್ಷರಗಳೂ ನಿಂತವು. ಆದರೆ ಅಂಚು ಬೋಳಾಗಿತ್ತು.

"ಅಯ್ಯಯ್ಯೋ, ನನ್ನ ರುಜುವೇ ಇಲ್ವಲ್ರೀ!"

ಅವರು ಬರೆದದ್ದೇ ಅಂಗಡಿ ಶಾಯಿಯಲ್ಲಿ. ಹಿಂದೆ ಸರಿಸಿದರೆ ಬರುತ್ತಿತ್ತು, ಮುಂದೆ ಸರಿಸಿದರೆ ಹೋಗುತ್ತಿತ್ತು. ನಾಲ್ಕೈದು ಸಲ ಮಾಡಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಬಾಗಿಲು ತೆರೆದು ಇನ್‌ಸ್ಪೆಕ್ಟರು ನೇಮಕದ ಆರ್ಡರು ಬರೆಯಲು ಕೂತಾಗ, ತಂಗಿ ಶೃಂಗೇರಿ ಮೇಷ್ಟ್ರ ಸೀಸೆಯನ್ನು ಅವರ ಮುಂದಿಟ್ಟಳು. "ಇದರಲ್ಲೇ ರುಜು ಹಾಕಿ ಸಾರ್. ನನ್ನ ಕೆಲಸ ಮಾಯ ಆಗೋದು ಬೇಡ."

ಹಾಕಿದರು. ಮಸುಕಾಗಿ ಕಂಡಿತು. ಕಣ್ಣು ಕಿರಿದು ಮಾಡಿ, ಅದೇ ರುಜುವಿನ ಮೇಲೆ ಎರಡನೇ ಸಲ ಎಳೆಯಲು ಲೇಖನಿ ಎತ್ತಿದರು.

ತಂಗಿ ತಟಕ್ಕನೆ ಆರ್ಡರನ್ನು ಎಳೆದುಕೊಂಡಳು. "ಬೇಡ ಸಾರ್! ಅದು ತಾನೇ ಕಪ್ಪಾಗ್ತದೆ."