ಬಿಸಿಲು ಬೀಳುವ ಒಂದೇ ಪಾತಿ

ಈ ಬೆಟ್ಟದ ಮನೆಯ ಹಿತ್ತಲಿನಲ್ಲಿ ದಿನವಿಡೀ ಬಿಸಿಲು ಬೀಳುವುದು ಒಂದೇ ಪಾತಿಗೆ. ಉಳಿದದ್ದೆಲ್ಲ ಓಕ್ ಮರಗಳ ನೆರಳು. ಹಾಗಾಗಿ ಪ್ರತಿ ಮಾರ್ಚ್‌ನಲ್ಲಿ ಸೀಡ್ ಕ್ಯಾಟಲಾಗ್ ಹಿಡಿದು ಕೂತಾಗ ನಾನು ತೀರ್ಮಾನ ಮಾಡಬೇಕಾದದ್ದೂ ಒಂದೇ: ಆ ಪಾತಿ ಯಾರಿಗೆ?

ನಾವು ಮೊದಲಿನಿಂದ ಬೆಟ್ಟದವರಲ್ಲ. ಯಜಮಾನರು ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದಷ್ಟು ಕಾಲ ಕೆಳಗೆ, ಬಯಲು ಸೀಮೆಯಲ್ಲಿದ್ದೆವು. ಅವರು ರಿಟೈರ್ ಆದದ್ದಕ್ಕೂ ಕೋವಿಡ್ ಬಂದದ್ದಕ್ಕೂ ಸರಿಹೋಯಿತು. ಜನರಿಂದ ದೂರವಿದ್ದರೆ ಸೇಫ್ ಎಂದು ಬ್ಲೂ ರಿಡ್ಜ್ ಬೆಟ್ಟದ ಮೇಲೆ ಈ ಪುಟ್ಟ ಮನೆ ಕೊಂಡರು. ದೂರವಂತೂ ಆದೆವು.

ಬಯಲಿನ ಹಳೆಯ ಮನೆಯ ಫೆನ್ಸಿನ ಮೇಲೆ ನಮ್ಮ ಅವರೆ ಬಳ್ಳಿ ಕಾಡಿನಂತೆ ಹಬ್ಬುತ್ತಿತ್ತು. ಅಕ್ಟೋಬರ್ ಬಂದರೆ ಬುಟ್ಟಿಗಟ್ಟಲೆ ಕಾಯಿ. ಮೈಸೂರಿನವರಾದ ಯಜಮಾನರಿಗೆ ಹಿದುಕಿದ ಅವರೆಯ ಸಾರೊಂದಿದ್ದರೆ ಬೇರೇನೂ ಬೇಡ. ಅದೇ ಬೀಜವನ್ನು ಡಬ್ಬಿಯಲ್ಲಿ ತಂದು ಇಲ್ಲಿಯ ಪಾತಿಗೂ ಹಾಕಿದೆವು. ಆದರೆ ಅವರೆ ಬಲು ಹಟಮಾರಿ. ಹಗಲು ಕಿರಿದಾಗುವವರೆಗೆ ಹೂ ಬಿಡುವುದಿಲ್ಲ. ಈ ಎತ್ತರದಲ್ಲಿ ಹಗಲು ಕಿರಿದಾಗುತ್ತಿದ್ದ ಹಾಗೇ ಫ್ರಾಸ್ಟ್ ಬಂದುಬಿಡುತ್ತದೆ. ಸಂಜೆ ನೇರಳೆ ಹೂ ತುಂಬಿ ನಿಂತಿದ್ದ ಬಳ್ಳಿ ಬೆಳಿಗ್ಗೆ ಬೇಯಿಸಿದ ಸೊಪ್ಪಿನಂತೆ ಜೋತು ಬಿದ್ದಿರುತ್ತಿತ್ತು.

"ಮುಂದಿನ ವರ್ಷ ಬೇಗ ಹಾಕೋಣ ಕಣೆ," ಎನ್ನುತ್ತಿದ್ದರು.

"ಬೇಗ ಹಾಕಿದ್ರೆ ಬೇಗ ಹೂ ಬಿಡತ್ತಾ? ಅದೇನು ನಿಮ್ಮ ಆಫೀಸಿನ ಪ್ರಾಜೆಕ್ಟಾ?"

"ನೀನು ಕಾನ್ವೆಂಟು. ನಿನಗೇನು ಗೊತ್ತು ಅವರೇಕಾಯಿ ವಿಷಯ!"

ಅವರು ಹೋದ ಮೇಲೂ ನಾನು ಆ ಪಾತಿಗೆ ಅವರೆಯನ್ನೇ ಹಾಕಿದೆ. ಹೂವಿನ ಕಾಲಕ್ಕೆ ಹಳೆಯ ಕಾಟನ್ ಸೀರೆಗಳನ್ನು ಹೊದಿಸಿದೆ. ಆದರೂ ಒಂದು ಕಾಯಿ ತುಂಬಲಿಲ್ಲ. ಬಿಡಲು ಮನಸ್ಸಿಲ್ಲ. ಬೇರೆ ಏನು ಹಾಕಿದರೂ ಅವರನ್ನು ಎಬ್ಬಿಸಿ ಆ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಿದ ಹಾಗೆ ಅನ್ನಿಸುತ್ತಿತ್ತು.

ಕಳೆದ ಮಾರ್ಚ್‌ನಲ್ಲಿ ಜರ್ಮನ್‌ಟೌನ್‌ನಿಂದ ಮಗಳು ಫೋನ್ ಮಾಡಿದಳು.

"ಅಮ್ಮ, ಪ್ಲೀಸ್, ಈ ಸಲ ಅವರೇಕಾಯಿ ಬೇಡ. ಫ್ರೋಜನ್ ಸಿಗತ್ತೆ, ಬರ್ತಾ ತರ್ತೀನಿ. ನಿಂಗೆ ಇಷ್ಟವಾದ್ದು ಏನಾದ್ರೂ ಹಾಕ್ಕೋ."

"ನನಗೇನೇ, ಎನಿಥಿಂಗ್ ವಿಲ್ ಡೂ."

"ಎನಿಥಿಂಗ್ ಅನ್ನೋ ಬೀಜ ಎಲ್ಲೂ ಮಾರಲ್ಲಮ್ಮ. ನಿಂಗೇನಿಷ್ಟ, ಅದನ್ನ ಹೇಳು."

ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಫೋನಿಟ್ಟೆ.

ಕಾನ್ವೆಂಟ್ ಹಾಸ್ಟೆಲಿನಲ್ಲಿ ತಟ್ಟೆಗೆ ಬಿದ್ದದ್ದನ್ನು 'ಥ್ಯಾಂಕ್ ಯೂ, ಸಿಸ್ಟರ್' ಎಂದು ತಿನ್ನುವುದನ್ನು ಕಲಿತೆ. ಇಂಥದ್ದು ಬೇಕು ಎನ್ನುವುದು ಬ್ಯಾಡ್ ಮ್ಯಾನರ್ಸ್. ಮದುವೆಯಾದ ಮೇಲೆ ಅವರವರ ಬಾಯಿಗೆ ತಕ್ಕ ಹಾಗೆ ಮಾಡಿ ಬಡಿಸಿದೆ. ಯಾರೂ ನನಗೆ ಏನನ್ನೂ ಬೇಡವೆಂದವರಲ್ಲ. ನಾನೇ ಕೇಳಿಕೊಂಡಿರಲಿಲ್ಲ, ಅಷ್ಟೆ.

ಮತ್ತೆ ಕ್ಯಾಟಲಾಗ್ ತೆಗೆದೆ. ಬದನೆ, ಹೀರೆ, ತೊಂಡೆ ಉದ್ದನೆಯ ಬೇಸಿಗೆ ಬೇಡುವಂಥವು, ಈ ಬೆಟ್ಟಕ್ಕಲ್ಲ. ಚಳಿಗೆ ಹೆದರದ ನವಿಲುಕೋಸು ನೋಡಿದರೆ ಅತ್ತೆಯವರ ನೆನಪು. ಬೀಟ್‌ರೂಟು ಮಗಳದು. ಪುಟ ತಿರುಗಿಸಿದರೆ ಬಿಳಿ ಮೂಲಂಗಿ. ಬಾಯಲ್ಲಿ ನೀರೂರಿತು! ಯಾರ ಮುಖವೂ ಕಣ್ಣ ಮುಂದೆ ಬರಲಿಲ್ಲ.

ಮದುವೆಯಾದ ಹೊಸತರಲ್ಲಿ ಒಮ್ಮೆ ಮೂಲಂಗಿ ಹುಳಿ ಮಾಡಿದ್ದೆ. ವಾಸನೆಗೆ ಯಜಮಾನರು ತಟ್ಟೆ ಎತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತು ಉಂಡರು, ನಗುತ್ತಲೇ. ಮತ್ತೆ ನಾನು ಮೂಲಂಗಿ ತರಲಿಲ್ಲ. ಕ್ರಮೇಣ ನನಗೆ ಅದು ಇಷ್ಟವಿತ್ತೆಂಬುದೂ ಮರೆತುಹೋಯಿತು.

ಮಣ್ಣು ಬೆಚ್ಚಗಾದಾಗ ಅವರೆ, ಮೂಲಂಗಿ ಎರಡರ ಬೀಜವನ್ನೂ ಹಿಡಿದು ಪಾತಿಯ ಬಳಿ ಹೋದೆ. ಅರ್ಧ ಅರ್ಧ ಹಾಕೋಣವೆಂದುಕೊಂಡೆ. ಅವರೆ ಹಾಕಿದರೆ ಮತ್ತೆ ಶರತ್ಕಾಲದಲ್ಲಿ ಸೀರೆ ಹೊದಿಸಿ, ಬೆಳಿಗ್ಗೆ ಎದ್ದು ಆ ಬಳ್ಳಿ ನೋಡಬೇಕು. ಇನ್ನೊಮ್ಮೆ ಅದನ್ನು ನೋಡುವ ಶಕ್ತಿ ನನ್ನಲ್ಲಿರಲಿಲ್ಲ. "ಸಾರಿ ಕಣ್ರೀ," ಎಂದು ಗಟ್ಟಿಯಾಗಿಯೇ ಹೇಳಿ, ಪಾತಿಯ ಈ ತುದಿಯಿಂದ ಆ ತುದಿಯವರೆಗೆ ಮೂಲಂಗಿ ಹಾಕಿದೆ.

ಎಷ್ಟು ಬೇಗ ಬಂತು ಅದು! ಬೇಸಿಗೆ ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ, ಆಗಲೇ ಮಣ್ಣಿನ ಮೇಲೆ ಬಿಳಿ ಹೆಗಲುಗಳು. ನಾಲ್ಕು ಕಿತ್ತು, ಹೊಸದಾಗಿ ಹುಳಿಪುಡಿ ಹುರಿದು, ಎಲೆಯನ್ನೂ ಸೇರಿಸಿ ಹುಳಿ ಮಾಡಿದೆ. ಬಿಸಿ ಅನ್ನ, ತುಪ್ಪ ಹಾಕಿಕೊಂಡು ಟೇಬಲ್ಲಿಗೆ ಕೂತೆ. ಮೊದಲ ತುತ್ತಿಗೇ ಕಣ್ಣು ತುಂಬಿತು. ಖಾರಕ್ಕಲ್ಲ. ಅಷ್ಟು ಚೆನ್ನಾಗಿತ್ತು, ಹಾಗೆಂದು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಮನೆಯೆಲ್ಲ ಮೂಲಂಗಿ ವಾಸನೆ. ಎದ್ದುಹೋಗಿ, ಹೊರಗೆ ಚಳಿಯಿದ್ದರೂ ಹಿತ್ತಲ ಕಿಟಕಿ ಪೂರ್ತಿ ತೆಗೆದಿಟ್ಟೆ. ವಾಪಸು ಬಂದು ಇನ್ನೊಂದು ಸಲ ಬಡಿಸಿಕೊಂಡೆ.